ಬಾಗಲೊಲ್ಲದ ಮುಚ್ಚಳ

ಆದೆಲ್ಮೋನ ಮುತ್ತಜ್ಜ ತೊರೆಲ್ಲೋ ಸಾಮಾನ್ಯನಲ್ಲ. ಆರ್ನೋ ನದಿ ಉಕ್ಕಿ, ಊರಿಗೆ ಊರೇ ದ್ರಾಕ್ಷಾರಸದ ಪೀಪಾಯಿ ಉಳಿಸಿಕೊಳ್ಳಲು ಓಡುತ್ತಿದ್ದಾಗ, ಕೊರಳುಮಟ್ಟ ನೀರಿನಲ್ಲಿ ಒಂದು ಹಸಿ ತೊಗಲನ್ನು ಮಗುವಿನಂತೆ ತಬ್ಬಿ ನಿಂತಿದ್ದ ಮಹಾವೀರ! (ಮುತ್ತಜ್ಜಿ ಆಗ ಸೂರಿನ ಮೇಲೆ ಕೂತು ಕಿರುಚುತ್ತಿದ್ದಳು, ಅವಳನ್ನು ಪಕ್ಕದ ಮನೆಯವರು ಇಳಿಸಿದರು.) ಅಜ್ಜ ಒರೆಸ್ತೆ ತೊಗಲು ನೆನೆಹಾಕುವ ತೊಗಟೆ ಕಷಾಯದ ಗುಂಡಿಗೆ ಬಿದ್ದೆದ್ದು, ಅಲ್ಲಿಂದಾಚೆ ತೊಂಬತ್ತರವರೆಗೂ ಮುಖದಲ್ಲಿ ಸುಕ್ಕಿಲ್ಲದೆ ಬಾಳಿದ. ಇನ್ನು ಅಪ್ಪ ಫೊರ್ತುನಾತೊ, ತೊಗಲನ್ನು ಮೂಸಿಯೇ ಅದು ಯಾವ ಮರದ ತೊಗಟೆಯಲ್ಲಿ ಹದವಾಯಿತು ಎಂದು ಹೇಳಬಲ್ಲವನಾಗಿದ್ದ. ಆದರೆ ಜೀವಮಾನದಲ್ಲಿ ಯಾರಿಗೂ 'ಉಪಕಾರವಾಯಿತು' ಎಂದವನಲ್ಲ. ಸಾವಿನ ಬಾಯಿಂದ ಎಳೆದು ತಂದ ವೈದ್ಯನಿಗೂ "ಬರೋದು ತಡ ಮಾಡಿದೆ" ಎಂದನಂತೆ.

ಇಂಥ ವಂಶದ ಕುಡಿ ನಮ್ಮ ಆದೆಲ್ಮೋ. ಎಗೊಲಾ ಹೊಳೆಯ ದಂಡೆಯ, ತೊಗಲು ಹದಮಾಡುವ ಮನೆಯಲ್ಲಿ ತಲೆ ನರೆಯುವವರೆಗೂ ದುಡಿದು, ಆಮೇಲೆ ಗುರುವಿಲ್ಲದೆ ಚೀಲ ಹೊಲಿಯಲು ಕಲಿತವನು. ಕಳೆದ ಚಳಿಗಾಲ ಮೆಟ್ಟಿಲಿಂದ ಉರುಳಿ ತೊಡೆ ಮುರಿದುಕೊಂಡಾಗ ಹೆಂಡತಿ ನೆರೀನಾ ಅವನಿಗೆ ಉಣಿಸಿದಳು, ತಲೆ ಬಾಚಿದಳು, ಕಾಲಿನ ಉಗುರನ್ನೂ ಕತ್ತರಿಸಿದಳು. ವಸಂತಕ್ಕೆ ಅವನು ಎದ್ದು ನಡೆದ. ನಡಿಗೆ ಬಂತು, ಮಾತು ಬರಲಿಲ್ಲ! ಹೇಳಬೇಕೆಂದುಕೊಂಡ ಆ ಒಂದು ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಸಿಕ್ಕಿಕೊಂಡಿತು. ಕೊನೆಗೆ ನಿರ್ಧರಿಸಿದ: ಬಾಯಿ ಆಡದಿದ್ದರೆ ಬೇಡ, ಕೈ ಆಡಲಿ. ನೆರೀನಾಳಿಗೆ ಒಂದು ಚೀಲ! ತೊಗಲೂ ನನ್ನದೇ, ಹೊಳಪೂ ನನ್ನದೇ, ಒಳಪದರವೂ ನನ್ನದೇ!

ತೊಡಕಿದ್ದದ್ದು ಆ ಒಳಪದರದಲ್ಲೇ. ನೆರೀನಾ ಮೂವತ್ತು ವರ್ಷ ಚೀಲದ ಕಾರ್ಖಾನೆಯಲ್ಲಿ ಒಳಪದರ ಹೊಲಿದವಳು. ಅವಳ ಹಳೆಯ ಜೊತೆಗಾತಿಯರೆಲ್ಲ ಆ ಭಾನುವಾರ ಜೆಲಿಂದಾಳ ಮನೆಯಲ್ಲಿ ಊಟಕ್ಕೆ ಸೇರುವವರಿದ್ದರು. ಆ ಹೆಂಗಸರೋ, ಎದುರು ಬಂದವರ ಮುಖ ನೋಡುವ ಮೊದಲು ಅವರ ಚೀಲದ ಹೊಟ್ಟೆಗೆ ಕೈಹಾಕುವ ಜಾತಿ! ಅವರ ಎದುರಿಗೇ ಚೀಲ ಕೊಡಬೇಕು, ಅವರ ಬಾಯಲ್ಲೇ 'ಭೇಷ್' ಅನ್ನಿಸಬೇಕು ಎಂಬುದು ಆದೆಲ್ಮೋನ ಹಟ.

ಅಡುಗೆಮನೆಯ ಮೇಜು ಅವನ ವಶವಾಯಿತು. ಮೊದಲ ಆಜ್ಞೆ ಹೊರಬಿತ್ತು: "ಕಬ್ಬಿಣದ್ದು ಏನೂ ಇಲ್ಲಿ ಇರಕೂಡದು! ಒದ್ದೆ ತೊಗಲಿಗೆ ಕಬ್ಬಿಣ ಸೋಕಿದ್ರೆ ಮಸಿ ಮೆತ್ತಿದ ಹಾಗೆ ಕಪ್ಪಾಗುತ್ತೆ. ದೇವರೇ ಬಂದು ಉಜ್ಜಿದರೂ ಹೋಗಲ್ಲ!"

ಬಾಣಲೆ ಗಡೀಪಾರಾಯಿತು. ಚಾಕು, ಕತ್ತರಿ, ಫೋರ್ಕುಗಳ ದಂಡು ಹಿಂದೆಯೇ ಹೊರಟಿತು. ಕೊನೆಗೆ ನೆರೀನಾಳ ಬೆರಳಿನ ಮೇಲೆ ಕಣ್ಣು ಬಿತ್ತು. ಹೊಲಿಯುವಾಗ ಸೂಜಿ ಚುಚ್ಚದಂತೆ ತೊಡುವ ಉಕ್ಕಿನ ಅಂಗುಸ್ತಾನ.

"ಅದನ್ನೂ ತೆಗಿ!"

"ಮದುವೆ ಉಂಗುರ ಒಂದು ಇರಬಹುದಾ ಸ್ವಾಮಿ?"

"ಚಿನ್ನ ತಾನೆ? ಇರಲಿ."

ಮೂರು ದಿನ ಒಲೆ ಹೊತ್ತಲಿಲ್ಲ. ಉಪ್ಪಿಲ್ಲದ ರೊಟ್ಟಿ, ಹಸಿ ಟೊಮೇಟೊ, ಒಂದಿಷ್ಟು ಎಣ್ಣೆ. ಆದೆಲ್ಮೋ ಮಾತ್ರ ಜಗತ್ತನ್ನೇ ಮರೆತು ತೊಗಲಿಗೆ ಎಣ್ಣೆ ಕುಡಿಸಿದ, ಅಂಚಿಗೆ ಜೇನುಮೇಣ ಹಚ್ಚಿ ಮರದ ಕಡ್ಡಿಯಿಂದ ಉಜ್ಜಿ ಉಜ್ಜಿ ಗಾಜು ಮಾಡಿದ. ಯಾರಿಗೆ ಈ ಚೀಲ ಎಂದು ಕೇಳಿದರೆ "ಯಾರೋ ಗಿರಾಕಿಗೆ" ಎಂದ. ಗಿರಾಕಿಗೆ ನೆರೀನಾಳ ಇಷ್ಟದ ಕಂದು ಬಣ್ಣವೇ ಬೇಕಿತ್ತಂತೆ!

ಶನಿವಾರ ಬೆಳಿಗ್ಗೆ ಒಳಪದರದ ಸರದಿ. ಮೇಕೆಯ ತೆಳು ತೊಗಲಿಗೆ ಅಂಟು ಬಳಿದು, ಚೀಲದ ಮುಚ್ಚಳವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿದ.

ನೆರೀನಾ ಬಾಗಿಲಲ್ಲಿ ನಿಂತು ಕೆಮ್ಮಿದಳು. "ಅಲ್ಲಾ, ಮುಚ್ಚಳಾನ ಮೊದಲು ಬಾಗಿಸ್ಕೊಂಡು ಆಮೇಲೆ ಒಳಪದರ..."

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲಪ್ಪ. ಗೋಡೆ ಜೊತೆ ಮಾತಾಡ್ತಿದ್ದೆ. ಅದಾದ್ರೂ ಕೇಳಿಸ್ಕೊಳ್ಳುತ್ತೆ."

ಅಂಟಿಸಿದ, ಹೊಲಿದ, ದೂರ ನಿಂತು ನೋಡಿದ. ಚೀಲದ ಮುಚ್ಚಳ ಕೆಳಗೆ ಬಾಗಲೊಲ್ಲದು! ಹಾಜರಿ ಹೇಳುವ ಹುಡುಗನಂತೆ ಕೈಯೆತ್ತಿ ನಿಂತಿತು. ಒತ್ತಿ ಬಾಗಿಸಿದರೆ ಒಳಪದರ ಮುದಿ ಎತ್ತಿನ ಕೊರಳಿನಂತೆ ಮಡಿಕೆ ಮಡಿಕೆಯಾಯಿತು. ಬಿಟ್ಟರೆ ಮತ್ತೆ 'ಹಾಜರ್!' ಆದೆಲ್ಮೋ ಗದರಿದ, ರಮಿಸಿದ, ಕೊನೆಗೆ ಒದ್ದೆ ಬಟ್ಟೆ ಸುತ್ತಿ, ಮೇಲೊಂದು ಆಲಿವ್ ಮರದ ಹಲಗೆ ಹೇರಿ, ಮುಖ ಹುಳ್ಳಗೆ ಮಾಡಿಕೊಂಡು ಇಸ್ಪೀಟಾಡಲು ಹೋದ. ಅಲ್ಲಿ ಎಲ್ಲ ಆಟಗಳಲ್ಲೂ ಸೋತ.

ಸಂಜೆ ಬಂದು ಬಟ್ಟೆ ಬಿಚ್ಚಿದರೆ, ಪವಾಡ! ಮುಚ್ಚಳ ಮಲಗಿದ ಕರುವಿನಂತೆ ತಣ್ಣಗೆ ಬಾಗಿತ್ತು. ಒಳಗೆ ಒಂದೇ ಒಂದು ಸುಕ್ಕಿಲ್ಲ!

"ನೆರೀನಾ! ನೋಡು ಬಾ! ತೊಗಲು ನನ್ನ ಮಾತು ಕೇಳ್ತು!"

"ಕೇಳಿರಬೇಕು. ಈ ಮನೇಲಿ ಯಾರಾದ್ರೂ ಒಬ್ಬರು ಕೇಳಬೇಕಲ್ಲ."

ಭಾನುವಾರ ಹೊರಡುವಾಗ ಅವಳು ಪೆಟ್ಟಿಗೆ, ಕಪಾಟು, ಹಾಸಿಗೆಯ ಕೆಳಗೆಲ್ಲ ಏನೋ ತಡಕಾಡುತ್ತಿದ್ದಳು. "ಏನು ಕಳಕೊಂಡೆ?" ಎಂದ. "ಏನಿಲ್ಲ, ನಡಿ" ಎಂದಳು.

ಜೆಲಿಂದಾಳ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಬಟಾಣಿಯ ಸಾರು ಹಬೆಯಾಡುತ್ತಿತ್ತು. ಆದೆಲ್ಮೋ ಎದ್ದು, ಗಂಟಲು ಸರಿಮಾಡಿ, ಚೀಲವನ್ನು ನೆರೀನಾಳ ಮುಂದಿಟ್ಟ. ಹೇಳಬೇಕಾದ ಮಾತು ಮತ್ತೆ ಮುಳ್ಳಾಯಿತು. "ತಗೋ. ಗಿರಾಕಿ ಬರಲಿಲ್ಲ" ಎಂದುಬಿಟ್ಟ!

ಹೆಂಗಸರು ಚೀಲದ ಮೇಲೆ ಮುಗಿಬಿದ್ದರು. ಕೈಗಳು ಒಳಗೆ ಹೋದವು, ಬಂದವು. "ಎಂಥ ಒಳಪದರ! ಎಣ್ಣೆ ಹರಿದ ಹಾಗಿದೆ! ಯಾರು ಕಲಿಸಿದ್ರು ಮಾರಾಯ?"

ಆದೆಲ್ಮೋನ ಎದೆ ಅಂಗಿಯ ಗುಂಡಿಗಳಿಗೆ ಸಂಕಟ ತಂದಿತು. "ಯಾರೂ ಇಲ್ಲ! ನಮ್ಮ ವಂಶದಲ್ಲಿ ಯಾರೂ ಯಾರ ಸಹಾಯಾನೂ ತಗೊಂಡವರಲ್ಲ!"

"ಹಾಗಾದ್ರೆ ಇದೇನು?" ಎಂದಳು ಹಿರಿಯಳಾದ ಜೆಲಿಂದಾ.

ಮುಚ್ಚಳದ ಮಡಿಕೆಯ ಬಳಿ, ಇನ್ನೂ ತೇವ ಆರದ ತೊಗಲಿನ ಮೇಲೆ, ಬೆರಳ ತುದಿಯಷ್ಟಗಲದ, ಬಳೆಯಾಕಾರದ ಕಪ್ಪು ಕಲೆಯೊಂದು ಮೆಲ್ಲಗೆ ಮೂಡುತ್ತಿತ್ತು. ಆದೆಲ್ಮೋ ಮುಟ್ಟಿ ನೋಡಿದ. ತೊಗಲಿಗೂ ಒಳಪದರಕ್ಕೂ ನಡುವೆ ಏನೋ ಗಟ್ಟಿ, ಗುಂಡಗೆ. ಒದ್ದೆ ತೊಗಲು, ಕಬ್ಬಿಣ, ಕಪ್ಪು! ಫೊರ್ತುನಾತೊನ ಮಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಾನು ಇಸ್ಪೀಟು ಸೋಲುತ್ತಿದ್ದಾಗ ಅಡುಗೆಮನೆಯಲ್ಲಿ ಪವಾಡ ಮಾಡಿದ್ದು ಯಾವ ಬೆರಳು ಎಂಬುದು ಅರೆಗಳಿಗೆಯಲ್ಲಿ ತಿಳಿಯಿತು. ನೆರೀನಾ ಬಟ್ಟಲಿನ ಸಾರಿನಲ್ಲಿ ಬಟಾಣಿ ಹುಡುಕುತ್ತ ತಲೆಯೇ ಎತ್ತಲಿಲ್ಲ. ಅವಳ ಕಿವಿ ಮಾತ್ರ ಕೆಂಪಾಗಿತ್ತು.

ಚಪ್ಪರದಡಿ ಎಲ್ಲರಿಗೂ ಅರ್ಥವಾಯಿತು. ಒಬ್ಬಳು ಸೆರಗಿಲ್ಲದ್ದಕ್ಕೆ ಕರವಸ್ತ್ರ ಬಾಯಿಗೆ ತುರುಕಿಕೊಂಡಳು.

"ಕೊಡು ಇಲ್ಲಿ" ಎಂದು ಜೆಲಿಂದಾ ಕೈ ಚಾಚಿದಳು. "ನಾಲ್ಕು ಹೊಲಿಗೆ ಬಿಚ್ಚಿ ತೆಗೆದುಬಿಡ್ತೀನಿ. ಕಲೆ ಮೇಲೆ ಒಂದು ಹೂ ಹೊಲಿದರೆ ಗೊತ್ತೇ ಆಗಲ್ಲ."

ಆದೆಲ್ಮೋ ಚೀಲವನ್ನು ಎದೆಗವಚಿಕೊಂಡ, ಮುತ್ತಜ್ಜ ತೊರೆಲ್ಲೋ ನೆರೆಯಲ್ಲಿ ತೊಗಲನ್ನು ಅವಚಿಕೊಂಡ ಹಾಗೆ. ಗಂಟಲಿನ ಮುಳ್ಳು ಎಲ್ಲಿ ಕರಗಿತೋ!

"ಕೈ ಹಚ್ಚಬೇಡ, ಜೆಲಿಂದಾ! ಇಡೀ ಚೀಲದಲ್ಲಿ ನೆಟ್ಟಗೆ ಕೆಲಸ ಮಾಡಿದ್ದು ಇವಳ ಆ ಅಂಗುಸ್ತಾನ ಒಂದೇ, ಅದು ಅಲ್ಲೇ ಇರಲಿ. ನನಗೆ ನಿಮ್ಮ ಯಾರ ಸಹಾಯಾನೂ ಬೇಡ. ಇವಳು ಮಾಡಿದ ಉಪಕಾರ ಹೇಳಿ ಮುಗಿಸೋಕೇ ನನಗೆ ಈ ಆಯಸ್ಸು ಸಾಲದು!"