ಸೀಮೆಎಣ್ಣೆ ಸಾಲಿನ ಶಾಂತ ಗ್ರಾಹಕರು

ವಿಶ್ವವಿದ್ಯಾಲಯದ ವ್ಯವಹಾರ ನಿರ್ವಹಣಾ ಶಾಲೆಯ ಆನ್ವಯಿಕ ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ವಿಭಾಗದ ಮೇಜು ಕುರ್ಚಿಗಳಿಗೂ ಮಾಸ್ತಿ ಹೋಬಳಿಯ ನಮ್ಮೂರಿನ ನಮಸ್ಕಾರಗಳು.

ತಿಂಗಳಿಗೆ ಒಂದೇ ದಿನ ಸಿಗುವ ಸೀಮೆಎಣ್ಣೆಯನ್ನು ಇನ್ನೊಂದು ದಿನವೂ ಕೊಡಿರೆಂದು ನಾವು ಮಾಲೂರಿನ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದೆವಷ್ಟೆ. ಅದರ ಅಗತ್ಯ ಉಂಟೋ ಇಲ್ಲವೋ ತಿಳಿಸಿರೆಂದು ಕಚೇರಿಯವರು ಕೇಳಿದ್ದಕ್ಕೆ ತಾವು 'ಗ್ರಾಹಕರ ವರ್ತನೆ'ಯಲ್ಲಿ ಪಳಗಿದ ಸಂಶೋಧಕರೊಬ್ಬರನ್ನು ಕಳುಹಿಸಿದಿರಿ. ಅವರು ಬಂದಾಗ ನಾವು, ಈ ಕಡೆಯ ವಾಡಿಕೆಯಂತೆ, ನಮ್ಮ ಬದಲಿಗೆ ಒಂದೊಂದು ಕಲ್ಲನ್ನು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿಗಿಟ್ಟು, ರಾಗಿ ಹೊಲದ ಕಳೆ ತೆಗೆಯಲು ಹೋಗಿದ್ದೆವು. ಸಾಲಿನಲ್ಲಿ ಯಾರ್ಯಾರಿದ್ದಾರೆಂದು ಅವರು ಕೇಳಲಾಗಿ, ಅಂಗಡಿಯ ಮುನಿಯಲ್ಲಪ್ಪ ಖಾಲಿ ಪೀಪಾಯಿ ಒರೆಸುತ್ತ, ತಲೆಯೆತ್ತದೆ, "ಮೊದಲ್ನೇದು ದೊಡ್ಡಗಂಗಮ್ಮ, ಪಕ್ಕದ್ದು ಮುನಿಕೃಷ್ಣಪ್ಪ, ಆ ಗುಂಡಗಿರೋದು ಶಾಮಲಮ್ಮ ಸಾರ್" ಎಂದು ಪರಿಚಯ ಮಾಡಿಕೊಟ್ಟನಂತೆ.

ತಮ್ಮವರು ಒಂದೊಂದು ಕಲ್ಲಿನ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ವಿನಯದಿಂದ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದಾಗಲೆಲ್ಲ 'ಪೂರ್ಣ ತೃಪ್ತಿ' ಎಂದು ಬರೆದುಕೊಂಡರು. ಈ ಗ್ರಾಹಕರು ತಳ್ಳಾಡುವುದಿಲ್ಲ, ಗೊಣಗುವುದಿಲ್ಲ, ಊಟಕ್ಕೂ ಏಳುವುದಿಲ್ಲ, ಆದ್ದರಿಂದ ಇನ್ನೊಂದು ದಿನ ಬೇಕಿಲ್ಲ ಎಂಬ ತಮ್ಮ ವರದಿಯನ್ನು ನೋಡಿ ಕಚೇರಿಯವರು ನಮ್ಮ ಅರ್ಜಿಯನ್ನು ತಳ್ಳಿಹಾಕಿದರು. ಈಗ ಬುಡ್ಡಿ ದೀಪಕ್ಕೂ ಎಣ್ಣೆ ಸಾಲದೆ, ಕೋಳಿಗಳ ಜೊತೆಗೇ ಉಂಡು ಮಲಗುತ್ತಿದ್ದೇವೆ.

ಮನುಷ್ಯರ ಮನಸ್ಸನ್ನು ಯಾರು ಬೇಕಾದರೂ ಅರಿಯಬಹುದು, ಕಲ್ಲಿನ ಮನಸ್ಸನ್ನು ಅರಿತವರು ತಾವೊಬ್ಬರೇ. ದೊಡ್ಡಗಂಗಮ್ಮ 'ಅತ್ಯಂತ ಶಾಂತ ಸ್ವಭಾವದ ಗೃಹಿಣಿ' ಎಂಬ ವರದಿಯ ಮಾತು ಊರಲ್ಲಿ ಹಬ್ಬಿದಾಗ ಆಕೆ ಕುಡುಗೋಲು ಹಿಡಿದೇ ನಮ್ಮ ಬಾಗಿಲಿಗೆ ಬಂದು, "ಏನ್ಲಾ ಮುನಿಕೃಷ್ಣ, ನಾನು ಶಾಂತ ಅಂತ ಬರ್ದವ್ನಾ? ಕರ್ಕೊಂಬಾ ಅವ್ನ, ನನ್ನ ಗಂಡನ ಮುಂದೆ ಹೇಳ್ಲಿ!" ಎಂದಳು. ಆಕೆಯ ಗಂಡ ಪೆದ್ದಪ್ಪ ಮಾತ್ರ ವರದಿಯ ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯಲ್ಲಿದ್ದಾನೆ.

ಆದಕಾರಣ, ಇಷ್ಟು ಸಹನೆಯಿಂದ ಸಹಕರಿಸಿದ ನಮ್ಮ ಕಲ್ಲುಗಳಿಗೆ ತಾವು ಡಾಕ್ಟರೇಟ್ ಕೊಡಬೇಕು. ಇಲ್ಲವೇ ನಾವು ಕತ್ತಲಲ್ಲಿ ಮುದ್ದೆ ತಿರುವುವ ವಿಧಾನವನ್ನು ಸಂಶೋಧಿಸಿ ಕಳುಹಿಸಬೇಕು. ಎರಡೂ ಕಷ್ಟವೆನಿಸಿದರೆ, ಈ ಊರಲ್ಲಿ ಕಲ್ಲುಗಳಲ್ಲದೆ ಜನರೂ ಇದ್ದಾರೆಂದು ಕಚೇರಿಗೆ ಒಂದು ಮಾತು ಬರೆದರೆ ಸಾಕು.

ತಮ್ಮ ವಿಶ್ವಾಸಿ,
ಮುನಿಕೃಷ್ಣಪ್ಪ
(ಸಾಲಿನಲ್ಲಿ ಎರಡನೆಯವನು, ಚಪ್ಪಟೆಯಾಗಿದ್ದವನು)

ಮರೆತ ಮಾತು: ತಮ್ಮ ಉತ್ತರ ಪಡೆಯಲು ನಮ್ಮೂರವರೆಲ್ಲ ತರಕಾರಿ ಲಾರಿಯಲ್ಲಿ ಬಂದು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದಾರೆ. ಬಾಗಿಲು ತೆರೆಯುವಾಗ ಕಾಲು ಜೋಪಾನ. ಹೊಸ್ತಿಲಲ್ಲಿರುವುದು ದೊಡ್ಡಗಂಗಮ್ಮ. ಅವಳ ಹಿಂದೆಯೇ, ಕುಡುಗೋಲು ಹಿಡಿದು ನಿಂತಿರುವುದೂ ದೊಡ್ಡಗಂಗಮ್ಮನೇ. ಈ ಸಲ ದಯಮಾಡಿ ಇಬ್ಬರನ್ನೂ ಮಾತಾಡಿಸಿ.