ಶಲಾಕೆ ಕೊಟ್ಟ ಗಾಬರಿಗಳು

ಹೂವಿನಷ್ಟು ಮೆತ್ತಗಿನ ವಸ್ತು ಮನುಷ್ಯರನ್ನು ಇಷ್ಟು ಗಾಬರಿಪಡಿಸುತ್ತದೆ ಎಂದು ಕುಂದಾಪುರದ ಕಡೆಯಿಂದ ಹೊರಟಾಗ ಯಾರೂ ನನಗೆ ಹೇಳಿರಲಿಲ್ಲ. ವಿಜ್ಞಾನದ ಟೀಚರಾಗಿ ಹುಕ್ಕೇರಿಗೆ ಬಂದೆ, ಗೋಕಾಕಕ್ಕೆ ವರ್ಗವಾಯಿತು, ನಿವೃತ್ತಿಯಾದ ಮೇಲೆ ಮೂಡಲಗಿಯಲ್ಲಿ ಉಳಿದುಬಿಟ್ಟೆ. ಮೂರೂ ಊರಲ್ಲಿ ನನ್ನ ಬೆನ್ನು ಹತ್ತಿದ್ದು ಒಂದೇ ಪದ: ಶಲಾಕೆ. ಹೂವಿನ ನಡುವೆ ನಿಂತಿರುವ ಕಡ್ಡಿಯಂಥ ಸಣ್ಣ ಕೊಳವೆ ಅದು. ಬುಡದಲ್ಲಿ ಅಂಡಾಶಯ, ತುದಿಯಲ್ಲಿ ಅಂಟಂಟಾದ ಶಲಾಕಾಗ್ರ. ತುದಿಗೆ ಪರಾಗ ಬಿದ್ದು, ಶಲಾಕೆಯ ದಾರಿಯಾಗಿ ಬುಡ ಮುಟ್ಟಿದರೆ ಮಾತ್ರ ಬೀಜ. ಇಷ್ಟೇ ಪಾಠ. ಆದರೆ ಈ ಪಾಠ ಯಾವತ್ತೂ ಶಾಲೆಯ ಕಂಪೌಂಡಿನೊಳಗೆ ನಿಲ್ಲಲಿಲ್ಲ.

ಗಣಪ್ಪ ಬೋಳಾದದ್ದು

ಹುಕ್ಕೇರಿಯಲ್ಲಿ ನಾನಿನ್ನೂ ಹೊಸಬಳು. "ನಾಳೆ ಎಲ್ಲರೂ ಒಂದೊಂದು ದಾಸವಾಳ ತನ್ನಿ" ಎಂದು ಮಕ್ಕಳಿಗೆ ಹೇಳಿ ಮನೆಗೆ ಹೋದೆ. ಮರುದಿನ ಪ್ರಾರ್ಥನೆ ಮುಗಿಯುವ ಮುಂಚೆಯೇ ಗೇಟಿನಲ್ಲಿ ಜನ. ಎಲ್ಲರ ಕೈಯಲ್ಲೂ ಪೂಜೆಯ ಖಾಲಿ ಬುಟ್ಟಿ. ಊರಿನ ಬೇಲಿಗಳಲ್ಲಿ ಒಂದೂ ದಾಸವಾಳ ಉಳಿದಿರಲಿಲ್ಲ!

ಎಲ್ಲರಿಗಿಂತ ಮುಂದೆ ನಿಂತ ಅಜ್ಜ ಖಾಲಿ ಬುಟ್ಟಿಯನ್ನು ನನ್ನ ಮುಖದ ಮುಂದೆ ಹಿಡಿದರು. "ಅಕ್ಕೋರ, ನಮ್ಮ ಗಣಪ್ಪ ಇವತ್ತ ಬೋಳ ಕುಂತಾನ್ರಿ! ದೇವರ ಹೂವಿನ ಮ್ಯಾಲ ಅದೇನ ಮಾಡಾಕತ್ತೀರಿ ನೀವು?"

ನನಗೆ ಅಳುವೇ ಬಂತು. "ಬನ್ನಿ ಅಜ್ಜ, ನೀವೇ ನೋಡಿ" ಎಂದು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಬ್ಲೇಡಿನಿಂದ ಹೂ ಸೀಳಿ ತೋರಿಸಿದೆ. "ಈ ಹಳದಿ ಪುಡಿ ಗಂಡು ಭಾಗದ್ದು. ಅದರ ನಡುವೆಯೇ ಹಾದು ಮೇಲೆ ಬಂದಿದೆಯಲ್ಲ, ಇದು ಶಲಾಕೆ, ಹೆಣ್ಣು ಭಾಗ. ಎರಡೂ ಒಂದೇ ಹೂವಿನಲ್ಲಿ ಕೂಡಿ ಇರುತ್ತವೆ."

ಅಜ್ಜ ಎದ್ದು ನಿಂತರು. ಬುಟ್ಟಿ ಕೈಯಿಂದ ಜಾರಿತು.

"ಅಂದ್ರ ಇಷ್ಟ ವರ್ಷ ನಾ ಗಂಡಾ ಹೆಂಡ್ತೀನ ಸಂಸಾರ ಮಾಡೂ ಮುಂದ ಹರಕೊಂಡ ಬಂದು ದೇವರ ತಲಿ ಮ್ಯಾಲ ಏರಸತಿದ್ನೇನ್ರಿ? ಅದೂ ಬ್ರಹ್ಮಚಾರಿ ದೇವರಿಗೆ!"

ಕೇಸರಿ ಹಾಲು

ಗೋಕಾಕದಲ್ಲಿ ನಮ್ಮ ಬಾಜೂ ಮನೆಯ ಸೊಸೆ ಬಸುರಿ. ಕೂಸು ಕೆಂಪಗೆ ಹುಟ್ಟಲಿ ಎಂದು ಅತ್ತೆ ದಿನಾ ಕೇಸರಿ ಹಾಲು ಕುಡಿಸುತ್ತಿದ್ದರು. ಸಂತೆಯಲ್ಲಿ ಸೋವಿಯಾಗಿ ಸಿಕ್ಕ ಕೇಸರಿ, ಡಬ್ಬಿ ತುಂಬ. ನಾನು ಹೊಟ್ಟೆಕಿಚ್ಚು ಪಡಲಿ ಎಂದೋ ಏನೋ, ಒಂದು ಚಿಟಿಕೆ ನನಗೂ ಕೊಟ್ಟರು.

ನೀರಿಗೆ ಹಾಕಿದೆ. ಬಣ್ಣವೆಲ್ಲ ಬಿಟ್ಟು ದಾರದಂಥದ್ದು ಬೆಳ್ಳಗೆ ಉಳಿಯಿತು. ನಿಜವಾದ ಕೇಸರಿಯೆಂದರೆ ಆ ಹೂವಿನ ಶಲಾಕಾಗ್ರ, ತುದಿ ಕಹಳೆಯ ಹಾಗೆ ಅಗಲವಾಗಿರುತ್ತದೆ. ಇದಕ್ಕೆ ಕಹಳೆಯೂ ಇಲ್ಲ, ವಾಸನೆಯೂ ಇಲ್ಲ. ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಗೋವಿನಜೋಳದ ತೆನೆಯ ಕೂದಲು! ಅದೂ ಶಲಾಕೆಯೇ, ಆದರೆ ಬಣ್ಣ ಹಚ್ಚಿಸಿಕೊಂಡು ಬಂದ ಶಲಾಕೆ.

ಹೇಳದಿರಲು ಆಗಲಿಲ್ಲ. ಆ ಅತ್ತೆ ಬಾಯಿ ತೆರೆದವರು ಮುಚ್ಚಲೇ ಇಲ್ಲ. ಸೊಸೆಯನ್ನು ತಕ್ಷಣ ಡಾಕ್ಟರ ಹತ್ತಿರ ಕಳಿಸಿದೆವು. ಏನೂ ಆಗಿಲ್ಲ ಎಂದು ಅವರು ಹೇಳಿದ ಮೇಲೂ ಅತ್ತೆಗೆ ಸಮಾಧಾನವಿಲ್ಲ. ಸಂಜೆ ಮೆಲ್ಲಗೆ ನಮ್ಮ ಅಡುಗೆಮನೆಗೆ ಬಂದು ಪಿಸುಗುಟ್ಟಿದರು:

"ಅಕ್ಕೋರ, ಖರೆ ಹೇಳ್ರಿ. ಕೂಸು ಗಡ್ಡಾ ಮೀಸಿ ತಗೊಂಡ ಹುಟ್ಟತೈತೇನು?"

ಕಾಕೂನ ಬೆಳೆ

ಇದು ಮೊನ್ನೆ ಮೊನ್ನೆ, ಮೂಡಲಗಿಯದು. ನಮ್ಮ ಓಣಿಯವರೆಲ್ಲ ಕಾಕು ಎಂದು ಕರೆಯುವ ಹೆಂಗಸಿಗೆ ಒಂದೇ ಆಸೆ: ಬಾವಿಯ ಪಕ್ಕದ ತುಂಡು ಹೊಲದಲ್ಲಿ ತಾನೇ ಬೆಳೆ ತೆಗೆಯಬೇಕು. ಗಂಡ, ಅಂದರೆ ನಮ್ಮೆಲ್ಲರ ಕಾಕಾ, ಓಣಿಯವರ ಎದುರಿಗೇ ಷರತ್ತು ಹಾಕಿದ್ದ. "ಬಿತ್ತು, ನೋಡೂಣು. ಬೆಳಿ ಬಂದ್ರ ಆ ತುಂಡು ನಿಂದ. ಬರಲಿಲ್ಲಂದ್ರ ಕಬ್ಬ ಹಚ್ಚತೇನಿ."

ಕಾಕು ಗೋವಿನಜೋಳ ಬಿತ್ತಿದಳು. ಕಳೆ ಕಿತ್ತಳು, ಹಂದಿ ನುಗ್ಗದಂತೆ ಕಾದಳು. ಆಳೆತ್ತರ ಬೆಳೆಯಿತು. ತೆನೆ ಕಟ್ಟುವ ಹೊತ್ತಿಗೆ ನಾನು ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋದೆ. ತಿರುಗಿ ಬಂದವಳು ನೇರ ಹೊಲಕ್ಕೆ ಹೋದೆ. ಒಂದೇ ಒಂದು ತೆನೆಯಲ್ಲೂ ಕೂದಲಿಲ್ಲ! ಎಲ್ಲವೂ ತಿರುಪತಿಗೆ ಹೋಗಿ ಬಂದ ಹಾಗೆ ನಿಂತಿವೆ.

"ಕಾಕೂ, ಯಾರು ಮಾಡಿದ್ದು ಇದನ್ನು?"

"ನಾನಽ ಕೊಟ್ಟೇನ್ರಿ ಅಕ್ಕೋರ," ಎಂದಳು ಹೆಮ್ಮೆಯಿಂದ. "ಗೊಂಜಾಳದ ಕೂದಲಾ ಕುದಿಸಿ ಕುಡದ್ರ ಮೂತ್ರದ ಕಲ್ಲ ಹೋಗತೈತಂತ ವಾಟ್ಸಾಪಿನ್ಯಾಗ ಬಂದಿತ್ತು. ಎಳೀದಿದ್ರ ಗುಣಾ ಜಾಸ್ತಿ ಅಂತ. ಓಣಿ ಮಂದಿ ಎಲ್ಲಾ ಬಂದ ಕೇಳಿದ್ರು. ಮನಿ ಬಾಗಲಿಗೆ ಬಂದವರಿಗೆ ಇಲ್ಲ ಅನ್ನಾಕ ಆಗತೈತೇನು? ಬ್ಯಾಡಾದ ಕೂದಲಾ ಕೊಟ್ಟೇನಿ, ಕಾಳೇನ ಕೊಟ್ಟಿಲ್ಲ."

ನಾನು ಬದುವಿನ ಮೇಲೆ ಕುಳಿತೆ. "ಅಯ್ಯೋ ಕಾಕೂ, ಅದು ಕೂದಲಲ್ಲ, ಶಲಾಕೆ! ಒಂದೊಂದು ಎಳೆಗೆ ಒಂದೊಂದು ಕಾಳು. ಎಳೆ ಕಿತ್ತರೆ ಕಾಳು ಹುಟ್ಟುವುದೇ ಇಲ್ಲ."

ಅವಳು ನಂಬಲಿಲ್ಲ. ತೆನೆಯೊಂದನ್ನು ಮುರಿದು ಸಿಪ್ಪೆ ಸುಲಿದಳು. ಒಳಗೆ ಬರೀ ಬೆಂಡು. ಇನ್ನೊಂದು ಸುಲಿದಳು, ಮತ್ತೊಂದು ಸುಲಿದಳು. ಅವಳ ಮುಖ ನೋಡಲಾಗದೆ ನಾನು ಬಾವಿಯ ಕಡೆ ತಿರುಗಿದೆ.

ರಾಶಿಯ ದಿನ ಕಾಕಾ ಓಣಿಯ ಗಂಡಸರನ್ನೆಲ್ಲ ಕಟ್ಟಿಕೊಂಡು ಬಂದ. ಬೋಳು ತೆನೆ ಎತ್ತಿ ಹಿಡಿದು ನಕ್ಕ. "ನೋಡ್ರೆಪಾ ನಮ್ಮ ಮನ್ಯಾಕಿ ಒಕ್ಕಲತನಾ! ನಾಳಿಂದ ಕಬ್ಬು."

ಕಾಕು ಸೆರಗು ಸಿಕ್ಕಿಸಿಕೊಂಡು ಎದ್ದಳು. "ತಿಂಗಳಿಂದ ದಿನಾ ಮುಂಜಾನೆ ನಿಮಗ ಚರಗಿ ತುಂಬ ನೀರ ಕುದಿಸಿ ಕೊಟ್ಟೇನಿ. ಅದು ಎಲ್ಲೀದು ಅಂತ ಒಮ್ಮೆರ ಕೇಳೀರೇನು?"

ಕಾಕಾನ ಕೈ ತಾನಾಗಿ ಅಂಗಿಯ ಕಿಸೆ ಮುಟ್ಟಿತು. ಅವನಿಗೂ ಮೂತ್ರದ ಕಲ್ಲಾಗಿ, ಹಿಂದಿನ ವಾರ ಅದು ಬಿದ್ದಿತ್ತು. ಕೂದಲಿನಿಂದ ಬಿತ್ತೋ, ಕುಡಿದ ನೀರಿನಿಂದ ಬಿತ್ತೋ ಡಾಕ್ಟರೇ ಹೇಳಬೇಕು. ಅವನಂತೂ ಅದನ್ನು ಸಣ್ಣ ಬಾಟಲಿಯಲ್ಲಿಟ್ಟು ಕಂಡಕಂಡವರಿಗೆಲ್ಲ ತೋರಿಸುತ್ತಿದ್ದ. ಕಾಕು ಅವನ ಅಂಗಿಯ ಕಿಸೆಗೆ ಕೈಹಾಕಿ ಆ ಬಾಟಲಿ ತೆಗೆದು ಎಲ್ಲರ ಮುಂದೆ ಅಲ್ಲಾಡಿಸಿದಳು.

"ನೋಡ್ರಿ, ಇದು ನನ್ನ ಬೆಳಿ. ಹೊಲದಾಗ ಬೆಳೀಲಿಲ್ಲ, ಇವರ ಹೊಟ್ಟ್ಯಾಗ ಬೆಳದೈತಿ. ಒಂದಽ ಕಾಳು. ಸೇರಿನ್ಯಾಗ ಅಳಕೊಳ್ರಿ!"

ಓಣಿಯ ಗಂಡಸರು ನಕ್ಕು ನಕ್ಕು ಬದುವಿನ ಮೇಲೆ ಉರುಳಿದರು. ಅವರಲ್ಲಿ ಅರ್ಧ ಜನ ಅದೇ ನೀರು ಕುಡಿದವರು. ಕಾಕಾ ತಲೆ ಕೆರೆದುಕೊಂಡ.

"ಆತ ತಗೋ. ಇನ್ನೊಂದ ಸಲ ನೀನಽ ಬಿತ್ತು. ಆದ್ರ ಈ ಸಲ ಯಾರಿಗೂ ಕೂದಲಾ ಕೊಡಬ್ಯಾಡ ನೋಡು."

"ಕೊಡಂಗಿಲ್ಲ," ಎಂದಳು ಕಾಕು. "ನಿಮಗ ಮತ್ತ ಕಲ್ಲ ಆದ್ರ ಕಬ್ಬ ಕುದಿಸಿ ಕುಡೀರಿ."