ಮಗಳು ರೇಡಿಯೋದಲ್ಲಿ, ಅಪ್ಪ ಫೋನಿನಲ್ಲಿ

"ಅಪ್ಪಾ, ಹತ್ತು ಗಂಟೆಗೆ ನನ್ನ ಮೊದಲನೇ ಕಾರ್ಯಕ್ರಮ. ನೀವು ಫೋನ್ ಬಿಟ್ಟು ಅಲ್ಲಾಡಬೇಡಿ," ಎಂದು ಹೇಳಿ ಮಗಳು ರೇಡಿಯೋ ನಿಲಯಕ್ಕೆ ಹೊರಟಳು. ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅಲ್ಲಾಡಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಫೋನು, ಇ-ಮೇಲು, ರೇಡಿಯೋ ಅನ್ನುವಾಗ ಇಂಗ್ಲಿಷಿನಲ್ಲಿ ಎಲ್ಲಿ 'ಆನ್' ಬರಬೇಕು, ಎಲ್ಲಿ 'ಬೈ' ಬರಬೇಕು ಎಂದು ಕೇಳುಗರಿಗೆ ಕಲಿಸುವ ಕಾರ್ಯಕ್ರಮ ಅದು. ಮಗಳು ತೊದಲುವಾಗಲೇ ಮೇಷ್ಟ್ರು ಇದನ್ನೆಲ್ಲ ಅರೆದು ಕುಡಿಸಿದ್ದರು. ಬೀದಿಯವರು ಅವರಿಗೆ ಇಟ್ಟ ಹೆಸರೇ 'ಆನ್ ಮೇಷ್ಟ್ರು'.

ಸುಮ್ಮನೆ ಕೂರಲು ಹೆಮ್ಮೆ ಬಿಡಬೇಕಲ್ಲ! ಮನೆಗಿದ್ದ ಒಂದೇ ಫೋನೆತ್ತಿ ಅಕ್ಕನಿಗೆ ಹಚ್ಚಿದರು.

"ಅಕ್ಕಾ, ನನ್ನ ಮಗಳು ಆನ್ ದಿ ರೇಡಿಯೋ!"

"ಅಯ್ಯೋ, ಅದರ ಮೇಲ್ಯಾಕೋ ಕೂತ್ಲು? ಮುರಿದೀತು!"

ಅಕ್ಕನಿಗೆ ಬಿಡಿಸಿ ಹೇಳಿದ್ದಾಯಿತು. ಆಮೇಲೆ ಭಾವಮೈದುನ, ಆಮೇಲೆ ಹಳೆಯ ಹೆಡ್‌ಮಾಸ್ಟರು.

"ರೀ, ಕಾರ್ಯಕ್ರಮದ ಹಾಡು ಶುರುವಾಯ್ತು, ಬನ್ರೀ!" ಅಡುಗೆಮನೆಯ ರೇಡಿಯೋ ಮುಂದಿನಿಂದ ಹೆಂಡತಿ ಕೂಗಿದರು.

"ಇದೊಂದು ಮುಗಿಸಿ ಬಂದೆ ಕಣೇ!"

ಅಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಏದುಸಿರು ಬಿಡುತ್ತ ಓಡಿಬಂದ.

"ಮೇಷ್ಟ್ರೇ, ಬೇಗ ಬನ್ನಿ! ಯುವರ್ ಡಾಟರ್ ಇನ್ ಫೋನ್!"

ಮೇಷ್ಟ್ರು ರಿಸೀವರಿಗೆ ಅಂಗೈ ಅಡ್ಡ ಇಟ್ಟರು. "ಫೋನಲ್ಲ ಕಣಯ್ಯಾ, ರೇಡಿಯೋ. ಇನ್ ಅಲ್ಲ, ಆನ್. ಎರಡಕ್ಕೆರಡೂ ತಪ್ಪು! ಸರಿಯಾಗಿ ಹೇಳೋದು ಕಲಿತು ಬಾ, ಹೋಗು."

"ಅಲ್ಲ ಮೇಷ್ಟ್ರೇ, ನಮ್ಮ ಅಂಗಡಿ..."

"ಹೋಗಯ್ಯಾ ಅಂದೆ!"

ಟೈಲರ್ ತಲೆ ಕೆರೆದುಕೊಂಡು ಹೋದ. ಹೆಡ್‌ಮಾಸ್ಟರಿಗೆ ಮಗಳ ಪುರಾಣವೆಲ್ಲ ಒಪ್ಪಿಸಿ ಮೇಷ್ಟ್ರು ಅಡುಗೆಮನೆಗೆ ಬಂದರೆ, ರೇಡಿಯೋದಲ್ಲಿ ಪರಿಚಯದ ಗಂಟಲು. "ಐ ಟಾಕ್ ಇನ್ ಫೋನ್, ಮೇಡಂ!"

"ಆನ್ ದಿ ಫೋನ್, ಅಂಕಲ್," ಎಂದು ಮಗಳು ನಗುತ್ತಿದ್ದಳು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು. "ಇವತ್ತಿನ ಅತಿಥಿ ನೀವಂತೆ ರೀ. ನಿಮಗೇ ಗೊತ್ತಾಗದ ಹಾಗೆ ಫೋನಲ್ಲಿ ಹಿಡಿದು 'ನನ್ನ ಗುರು ಇವರೇ' ಅಂತ ಎಲ್ರಿಗೂ ಹೇಳಬೇಕು ಅಂತಿದ್ಲಂತೆ. ಈಗ ತಾನೇ ರೇಡಿಯೋದಲ್ಲೇ ಹೇಳಿದ್ಲು. ನಮ್ಮ ಫೋನ್ ಎಂಗೇಜು. ಟೈಲರ್ ಅಂಗಡಿಗೆ ಮಾಡಿ ನಿಮ್ಮನ್ನ ಕರೀರಿ ಅಂದ್ರೆ, ನೀವು ಅವನನ್ನೇ ಓಡಿಸಿದ್ರಿ. ಇನ್ನೇನು ಮಾಡ್ತಾಳೆ, ಅವನನ್ನೇ ಮಾತಾಡಿಸ್ತಿದ್ದಾಳೆ!"

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಟ್ಟೆ ಉರಿಯಿತು. ಆದರೂ ಮಗಳು ಒಂದೊಂದೇ ತಪ್ಪು ತಿದ್ದುವ ಗತ್ತು ಥೇಟ್ ಅವರದೇ. ಕಣ್ಣು ತುಂಬಿ ಬಂತು.

ಕಾರ್ಯಕ್ರಮ ಮುಗಿದದ್ದೇ ಫೋನ್ ಹೊಡೆದುಕೊಂಡಿತು.

"ಅಪ್ಪಾ, ಅಷ್ಟು ಹೊತ್ತು ಯಾರ ಜೊತೆ ಮಾತಾಡ್ತಿದ್ರಿ?"

"ಎಲ್ಲಾ ನಿನ್ನ ವಿಷಯಾನೇ ಕಣಮ್ಮಾ. ಮುಂದಿನ ವಾರ ನಾನೇ ಬರ್ತೀನಿ!"

"ಟೈಲರ್ ಅಂಕಲ್ ಮಾತಿಗೆ ಜನ ಬಿದ್ದು ಬಿದ್ದು ನಕ್ಕಿದ್ದಾರಪ್ಪಾ. ಪ್ರತಿವಾರ ಅವರೇ ಬೇಕಂತೆ. ಅವರಿದ್ರೇನೇ ನನ್ನ ಕಾರ್ಯಕ್ರಮ ಉಳಿಯೋದು. ದಮ್ಮಯ್ಯ, ಅವರಿಗೆ ಮಾತ್ರ ಸರಿಯಾದ ಇಂಗ್ಲಿಷ್ ಕಲಿಸಿಬಿಡಬೇಡಿ!"

ರಿಸೀವರ್ ಇಡುವಷ್ಟರಲ್ಲಿ ಬಾಗಿಲಲ್ಲಿ ಟೈಲರ್, ಮುಖವೆಲ್ಲ ಹಲ್ಲು.

"ಮೇಷ್ಟ್ರೇ, ಐ ಕಮ್ ಇನ್ ರೇಡಿಯೋ! ಸರೀನಾ?"

ಮೇಷ್ಟ್ರು ಬಾಯಿ ತೆರೆದರು. ಮಗಳ ಮುಖ ನೆನಪಾಯಿತು. ನಾಲಿಗೆ ತುದಿಗೆ ಬಂದಿದ್ದ 'ಆನ್' ಅನ್ನು ಔಷಧಿಯಂತೆ ನುಂಗಿಕೊಂಡರು.

"ಸರಿ ಕಣಯ್ಯಾ," ಎಂದರು. "ಹಾಗೇ ಹೇಳ್ತಿರು."